ಯಂತ್ರದ ಬೆಲೆಯನ್ನು ಬ್ಯಾಲೆನ್ಸ್ ಶೀಟ್ ನೋಡಿ ನಂಬಬೇಡಿ

ಸಣ್ಣ ಕಾರ್ಖಾನೆಯಲ್ಲಿ ಪಾಲು ಕೊಳ್ಳುವ ಯೋಚನೆ ಇದ್ದವರು ಇದನ್ನು ಓದಿ. ನಮ್ಮ ಭಾವ ಹೋದ ವರ್ಷ ಒಂದು ಪ್ರೈವೇಟ್ ಲಿಮಿಟೆಡ್ ಯೂನಿಟ್‌ನಲ್ಲಿ ಅರ್ಧ ಪಾಲು ತೆಗೆದುಕೊಂಡರು. ವಾಹನದ ಬಿಡಿಭಾಗಗಳ ಜಾಬ್ ವರ್ಕ್, ಎರಡು ಪಾಳಿ ಕೆಲಸ. ಲೆಕ್ಕಪತ್ರದಲ್ಲಿ ಐದು ಸಿಎನ್‌ಸಿ ಲೇತ್ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಯಂತ್ರ), ಒಟ್ಟು 84 ಲಕ್ಷ. ವರ್ಷದ ಲಾಭ 9 ಲಕ್ಷ. ಆಡಿಟರ್ ಸಹಿಯೂ ಇತ್ತು.

ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಬಣ್ಣ ಬಯಲಾಯಿತು. ಬ್ಯಾಂಕ್ ಕಡೆಯಿಂದ ಬೆಲೆ ಕಟ್ಟಲು ಬಂದವರು ಫೈಲ್ ಮುಟ್ಟಲೇ ಇಲ್ಲ. ಸೀದಾ ಲೇತ್ ಹಿಂದೆ ಹೋಗಿ, ಬಟ್ಟೆ ಚೂರಿನಿಂದ ಎಣ್ಣೆ ಜಿಡ್ಡು ಒರೆಸಿ, ತಗಡಿನ ಪಟ್ಟಿಯ ಮೇಲಿದ್ದ ಇಸವಿ ಓದಿದರು. 2016. ಪಕ್ಕದ್ದೂ ಅದೇ. ಮಾರಿದವರು ಹೇಳಿದ್ದು ಮೂರು ವರ್ಷದ ಯಂತ್ರ ಅಂತ! ಐದನೇ ಲೇತ್ ಬರೀ ಕಾಗದದ ಮೇಲಿತ್ತು. ಅದನ್ನು ಯಾವಾಗಲೋ ಗುಜರಿಗೆ ಹಾಕಿದ್ದರು.

ಆಗಿದ್ದಿಷ್ಟೇ. ಯಂತ್ರ ಹಳೆಯದಾದಂತೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಖರ್ಚು ಅಂತ ಕಳೆಯಬೇಕು, ಅದೇ ಸವಕಳಿ. ಮೊದಲ ಎರಡು ವರ್ಷ ಅದನ್ನು ಬರೆದು, ಆಮೇಲೆ ನಿಲ್ಲಿಸಿಬಿಟ್ಟಿದ್ದರು. ಸ್ಪಿಂಡಲ್ ಬೇರಿಂಗ್ ಬದಲಿಸಿದ ರಿಪೇರಿ ಖರ್ಚನ್ನೂ ಲಾಭದಲ್ಲಿ ಕಳೆಯದೆ ಯಂತ್ರದ ಬೆಲೆಗೇ ಸೇರಿಸಿದ್ದರು.

2013ರ ಕಂಪನಿ ಕಾಯ್ದೆ ಪ್ರಕಾರ ಸಾಮಾನ್ಯ ಯಂತ್ರದ ಆಯಸ್ಸು 15 ವರ್ಷ. ಕೊನೆಗೆ ಉಳಿಯುವ ಬೆಲೆ ಅಂತ ಸಾಮಾನ್ಯವಾಗಿ ಕೊಂಡ ಬೆಲೆಯ 5%ಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. 20 ಲಕ್ಷದ ಲೇತ್ ಅಂದುಕೊಳ್ಳಿ. 19 ಲಕ್ಷವನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 1.27 ಲಕ್ಷ. ಎರಡು ಪಾಳಿ ಓಡಿಸಿದರೆ ಇದರ ಮೇಲೆ ಇನ್ನೂ 50%, ಅಂದರೆ 1.9 ಲಕ್ಷ. (ಮೂರು ಪಾಳಿಗೆ ದುಪ್ಪಟ್ಟು.) ನಾಲ್ಕು ಲೇತ್‌ಗೆ 7.6 ಲಕ್ಷ. ಈಗ ಆ 9 ಲಕ್ಷದ ಲಾಭದಲ್ಲಿ ಎಷ್ಟು ಉಳಿಯಿತು, ನೀವೇ ನೋಡಿ. ರಿಪೇರಿ ಖರ್ಚನ್ನು ಇನ್ನೂ ಕಳೆದೇ ಇಲ್ಲ.

ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಇದೇ ಯಂತ್ರಗಳಿಗೆ ಪ್ರತಿ ವರ್ಷ 15% ಸವಕಳಿ ತೋರಿಸಿದ್ದಾರೆ. ತೆರಿಗೆ ಕಟ್ಟುವಾಗ ನೆನಪಿದ್ದದ್ದು ಮಾರುವಾಗ ಮರೆತುಹೋಯಿತು! ಎರಡೂ ಕಡೆ ಅಂಕಿ ಒಂದೇ ಇರಬೇಕಿಲ್ಲ, ನಿಯಮಗಳೇ ಬೇರೆ. ಆದರೆ ಒಂದು ಕಡೆ ಇಳಿಯುತ್ತಾ, ಇನ್ನೊಂದು ಕಡೆ ಅಲ್ಲಾಡದೆ ನಿಂತಿದ್ದರೆ ಅಲ್ಲೇನೋ ಇದೆ ಅಂತಲೇ ಅರ್ಥ.

ದೊಡ್ಡವರೂ ಕಮ್ಮಿಯಿಲ್ಲ. ಅಮೆರಿಕದ ವೇಸ್ಟ್ ಮ್ಯಾನೇಜ್‌ಮೆಂಟ್ ಕಂಪನಿ ಕಸದ ಲಾರಿಗಳ ಆಯಸ್ಸನ್ನು ಲೆಕ್ಕದಲ್ಲಿ ಹಿಗ್ಗಿಸಿತ್ತು. ಇಂಥವೆಲ್ಲ ಸೇರಿ 1998ರಲ್ಲಿ ಸುಮಾರು 170 ಕೋಟಿ ಡಾಲರ್‌ನಷ್ಟು ಲಾಭವನ್ನು ತಿದ್ದಿ ಬರೆಯಬೇಕಾಯಿತು.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಸ್ಥಿರಾಸ್ತಿ ರಿಜಿಸ್ಟರ್ (ಯಂತ್ರ, ಕಟ್ಟಡ, ಜಾಗಗಳನ್ನೆಲ್ಲ ಬರೆದಿಡುವ ಪುಸ್ತಕ) ಕೇಳಿ. ಅದನ್ನು ಕೈಯಲ್ಲಿ ಹಿಡಿದು ಶೆಡ್ಡಿನೊಳಗೆ ಹೋಗಿ, ಪ್ರತಿ ಯಂತ್ರದ ಸೀರಿಯಲ್ ನಂಬರ್ ತಾಳೆ ನೋಡಿ. ಜಾಗ, ಕಟ್ಟಡ ಒಂದೇ ಅಂಕಿಯಲ್ಲಿದ್ದರೆ ಬಿಡಿಸಿ ಕೊಡಲು ಹೇಳಿ. ಜಾಗಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ.

ಭಾವ ವಕೀಲರಿಂದ ನೋಟಿಸ್ ಕೊಡಿಸಿದ್ದಾರೆ. ಒಪ್ಪಂದದಲ್ಲಿ ‘ಯಂತ್ರಗಳು ಇರುವ ಸ್ಥಿತಿಯಲ್ಲೇ’ ಅಂತ ಒಂದು ಸಾಲಿದೆ. ಎದುರು ಪಾರ್ಟಿ ಈಗ ಅದನ್ನೇ ಹಿಡಿದು ಕೂತಿದೆ.