ಏಳು ಚಾನೆಲ್ಲೋ ಐದು ಚಾನೆಲ್ಲೋ: ಹಂಚಿನ ಮನೆಗೆ ತಂದ ಎರಡು ರಿಸೀವರ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಐದು ಚಾನೆಲ್‌ನ ರಿಸೀವರ್‌ಗೆ. ರಿಸೀವರ್ ಅಂದರೆ ಟಿವಿಯ ಸದ್ದನ್ನು ಪಡೆದು ಹೋಮ್ ಥಿಯೇಟರ್ ಸ್ಪೀಕರ್‌ಗಳನ್ನು ಓಡಿಸುವ ಡಬ್ಬ. ಚಾನೆಲ್ ಅಂದರೆ ಇಲ್ಲಿ ಟಿವಿ ಚಾನೆಲ್ ಅಲ್ಲ, ಅದು ಬೇರೆ ಬೇರೆಯಾಗಿ ಓಡಿಸುವ ಸ್ಪೀಕರ್‌ಗಳ ಲೆಕ್ಕ. ಏಳು ಚಾನೆಲ್‌ನದಕ್ಕೆ ಬೆಲೆ ಜಾಸ್ತಿ, ಸೌಲಭ್ಯವೂ ಜಾಸ್ತಿ. ಕೊಂಡಿದ್ದೂ ಅದನ್ನೇ ಮೊದಲು. ಒಂದು ಮಳೆಗಾಲ ಅದರ ಜೊತೆ ಒದ್ದಾಡಿ, ಕೊನೆಗೆ ಮಾರಿ, ಕಡಿಮೆ ಬೆಲೆಯದನ್ನು ತಂದೆ. ಎರಡೂ ಒಂದೇ ಹಾಲ್‌ನಲ್ಲಿ, ಒಂದೇ ಟಿವಿಗೆ, ಅದೇ ಸ್ಪೀಕರ್‌ಗಳಿಗೆ ಕೆಲಸ ಮಾಡಿವೆ. ಹಾಗಾಗಿ ಧೈರ್ಯವಾಗಿ ಹೋಲಿಸಬಹುದು.

ನಮ್ಮ ಮನೆ ಇರೋದು ತೀರ್ಥಹಳ್ಳಿ ಹತ್ತಿರ. ಆಗುಂಬೆ ನಮ್ಮ ತಾಲ್ಲೂಕಿನದ್ದೇ ಅಂದರೆ ಮಳೆ ಹೇಗಿರುತ್ತೆ ಅಂತ ಬೇರೆ ಹೇಳಬೇಕಿಲ್ಲ. ಹಂಚಿನ ಮಾಡು. ಜುಲೈನಲ್ಲಿ ಮಳೆ ಜೋರು ಹಿಡಿದರೆ ಟಿವಿ ವಾಲ್ಯೂಮ್ ಎಷ್ಟು ಏರಿಸಿದರೂ ಮಾತು ಕೇಳಿಸೋದಿಲ್ಲ. ಅಪ್ಪಯ್ಯನಿಗೆ 74, ಒಂದು ಕಿವಿ ಸ್ವಲ್ಪ ಮಂದ. ನಾನು ಬೆಂಗಳೂರಲ್ಲಿ ಕೆಲಸದಲ್ಲಿರೋದು, ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಹಾಗೆ ಹೋದಾಗ ಒಂದು ಸಂಜೆ ಅಪ್ಪಯ್ಯ ಬೆತ್ತದ ಕುರ್ಚಿಯನ್ನು ಟಿವಿಗೆ ಮೂರಡಿ ದೂರಕ್ಕೆ ಎಳೆದುಕೊಂಡು, ಕಿವಿ ಹಿಂದೆ ಅಂಗೈ ಹಿಡಿದು ವಾರ್ತೆ ಕೇಳುತ್ತಾ ಕೂತಿದ್ದರು. ನನಗೆ ಹೋಮ್ ಥಿಯೇಟರ್ ಬೇಕು ಅನಿಸಿದ್ದು ಅವತ್ತು. ಗುಂಡು ಹಾರುವ ಸದ್ದು ಬೆನ್ನ ಹಿಂದಿಂದ ಕೇಳಬೇಕು ಅಂತ ಆಸೆಯೇನೂ ಇರಲಿಲ್ಲ. ಮಾತು ಸ್ಪಷ್ಟವಾಗಿ ಕೇಳಬೇಕಿತ್ತು, ಅಷ್ಟೇ.

ರಿಸೀವರ್‌ಗೂ ಮೊದಲು ಭಾವನ ಮನೆಯ ಸೌಂಡ್‌ಬಾರನ್ನು, ಅಂದರೆ ಟಿವಿ ಕೆಳಗಿಡುವ ಉದ್ದನೆಯ ಸ್ಪೀಕರನ್ನು, ಎರಡು ವಾರ ತಂದಿಟ್ಟು ನೋಡಿದೆ. ಹಿಂದೆ ಇಡುವ ಎರಡು ವೈರ್‌ಲೆಸ್ ಸ್ಪೀಕರ್ ಇದ್ದವು. ವೈರ್‌ಲೆಸ್ ಅಂದರೂ ಒಂದೊಂದಕ್ಕೂ ಕರೆಂಟಿನ ವೈರ್ ಬೇಕೇ ಬೇಕು. ನಮ್ಮ ಹಳೇ ಮನೆಯಲ್ಲಿ ಹಿಂದಿನ ಗೋಡೆಗೆ ಪ್ಲಗ್ಗೇ ಇಲ್ಲ. ಮಾತು ಟಿವಿಗಿಂತ ಎಷ್ಟೋ ಚೆನ್ನಾಗಿ ಕೇಳುತ್ತಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಒಳಗಿನ ಬೋರ್ಡ್ ಹೋದರೆ ಎಲ್ಲವೂ ಒಟ್ಟಿಗೆ ಹೋದಂತೆ. ರಿಸೀವರ್ ಆದರೆ ಅದೊಂದನ್ನು ಬದಲಾಯಿಸಿದರಾಯ್ತು, ಸ್ಪೀಕರ್‌ಗಳು ಇಪ್ಪತ್ತು ವರ್ಷ ಬಾಳುತ್ತವೆ. ಮಲೆನಾಡಿನ ಸಿಡಿಲಿಗೆ ಹೆದರುವವರಿಗೆ ಇದು ಸಣ್ಣ ಮಾತಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ ಜೊತೆಗೆ ಡಿಶ್ ಕೇಬಲ್ ಕೂಡ ಎಳೆದಿಡಿ, ಯಾವುದನ್ನೇ ಕೊಂಡರೂ.

ಅಂಗಡಿಗಳಲ್ಲಿ ಎಂಟು-ಹತ್ತು ಸಾವಿರಕ್ಕೆ ಸಿಗುವ, ಎಫ್‌ಎಂ ಮತ್ತು ಪೆನ್‌ಡ್ರೈವ್ ಇರುವ ಸೆಟ್‌ಗಳಿಗೂ ಹೋಮ್ ಥಿಯೇಟರ್ ಅಂತಲೇ ಹೆಸರು. ಅವುಗಳಲ್ಲಿ ಹೆಚ್ಚಿನವಕ್ಕೆ ಡಾಲ್ಬಿ ಡಿಕೋಡರ್, ಅಂದರೆ ಐದು ಚಾನೆಲ್‌ನ ಸದ್ದನ್ನು ಬೇರೆ ಬೇರೆಯಾಗಿ ಬಿಡಿಸೋ ಭಾಗ, ಇರೋದಿಲ್ಲ. ಬರೋ ಎರಡು ಚಾನೆಲ್‌ನ ಸದ್ದನ್ನೇ ಐದು ಸ್ಪೀಕರ್‌ಗೆ ಹಂಚುತ್ತವೆ. ನನ್ನ ಕೆಲಸಕ್ಕೆ ಅದು ಬೇಡವಾಗಿತ್ತು.

ಹೀಗೆ ಏಳು ಚಾನೆಲ್‌ನ ರಿಸೀವರ್ ಮನೆಗೆ ಬಂತು. 46,000 ರೂಪಾಯಿ. ಸದ್ದು ತಲೆ ಮೇಲಿಂದಲೂ ಬಂದಂತೆ ಕೇಳಿಸುವ ಅಟ್ಮಾಸ್ ಸೌಲಭ್ಯ ಇತ್ತು. ಅಟ್ಮಾಸ್‌ನ ಸದ್ದು ಮೇಲಿಂದ ಕೇಳಬೇಕಾದರೆ ಚಾವಣಿಯಲ್ಲಿ ಸ್ಪೀಕರ್ ಕೂರಿಸಬೇಕು, ಇಲ್ಲ ಮೇಲ್ಮುಖವಾಗಿ ಸದ್ದು ಚಿಮ್ಮಿಸುವ ಸ್ಪೀಕರ್ ಇಡಬೇಕು. ಆ ಸದ್ದು ಚಪ್ಪಟೆಯಾದ, ಗಟ್ಟಿ ಚಾವಣಿಗೆ ಬಡಿದು ಕೆಳಗೆ ಬರಬೇಕು. ನಮ್ಮ ಮಾಡು ಇಳಿಜಾರು. ರೀಪು, ಹಂಚು, ನಡುವೆ ಸಂದು. ಬಡಿದ ಸದ್ದು ಎತ್ತಲೋ ಹೋಗುತ್ತೆ. ಅದರ ಬದಲು ಬೆನ್ನ ಹಿಂದೆ ಇನ್ನೆರಡು ಸ್ಪೀಕರ್ ಇಡೋಣ ಅಂದರೆ ಸೋಫಾ ಇರೋದೇ ಹಿಂದಿನ ಗೋಡೆಗೆ ಒರಗಿ. ಕೊನೆಗೆ ಏಳರಲ್ಲಿ ಐದನ್ನೇ ಬಳಸಿದ್ದು. ಉಳಿದ ಎರಡಕ್ಕೆ ಸುಮ್ನೆ ದುಡ್ಡು ಕೊಟ್ಟ ಹಾಗಾಯ್ತು. ಕೊಳ್ಳುವ ಮೊದಲು ಒಮ್ಮೆ ತಲೆ ಎತ್ತಿ ಮಾಡು ನೋಡಿದ್ದರೆ ಸಾಕಿತ್ತು.

ಇಷ್ಟಾದರೂ ಅದನ್ನೇ ಇಟ್ಟುಕೊಳ್ಳುತ್ತಿದ್ದೆ. ಸದ್ದು ನಿಜಕ್ಕೂ ಚೆನ್ನಾಗಿತ್ತು. ಮಾರೋ ಹಾಗೆ ಮಾಡಿದ್ದು ಕರೆಂಟು.

ನಮ್ಮಲ್ಲಿರೋದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್. ಅದು ಕೊಡೋ ಕರೆಂಟು ಲೈನಿನ ಕರೆಂಟಿನಷ್ಟು ನಯವಾಗಿರೋದಿಲ್ಲ. ಟಿವಿ, ಸೆಟ್ ಟಾಪ್ ಬಾಕ್ಸ್ ಅದರ ಮೇಲೆ ಓಡುತ್ತವೆ. ರಿಸೀವರನ್ನು ಅದಕ್ಕೆ ಹಾಕಿದರೆ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ಹಾಗಾಗಿ ಅದೊಂದನ್ನು ನೇರ ಲೈನಿಗೆ ಹಾಕಿದ್ದೆವು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತೆ. ಹೋದಾಗ ರಿಸೀವರ್ ಆರುತ್ತೆ, ಟಿವಿ ತನ್ನದೇ ಸ್ಪೀಕರ್‌ಗೆ ಮರಳುತ್ತೆ. ಅಲ್ಲಿವರೆಗೆ ಸರಿ. ಕರೆಂಟು ಬಂದ ಮೇಲೆ ರಿಸೀವರ್ ಎದ್ದು, ಟಿವಿಗೆ ‘ನಾನು ಬಂದೆ’ ಅನ್ನಬೇಕು. ಏಳು ಚಾನೆಲ್‌ನದು ಅನ್ನುತ್ತಿರಲಿಲ್ಲ.

ಇದರ ಒಳಗುಟ್ಟು ಇಷ್ಟು. ಟಿವಿಗೂ ರಿಸೀವರ್‌ಗೂ ನಡುವೆ ಹಾಕುವ ಎಚ್‌ಡಿಎಂಐ ಕೇಬಲ್‌ನಲ್ಲಿ 19 ಪಿನ್ ಇರುತ್ತವೆ. ಅದರಲ್ಲಿ 13ನೆಯದು ಸಾಧನಗಳು ಒಂದಕ್ಕೊಂದು ಮಾತಾಡೋ ದಾರಿ. ಇದಕ್ಕೆ ಸಿಇಸಿ ಅಂತ ಹೆಸರು. ಒಂದು ಕಂಪನಿ ಟಿವಿಯಲ್ಲಿ ಸಿಂಪ್ಲಿಂಕ್, ಇನ್ನೊಂದರಲ್ಲಿ ಬ್ರಾವಿಯಾ ಸಿಂಕ್ ಅಂತ ಬರೆದಿರೋದು ಇದನ್ನೇ. ಪ್ರತಿ ಸಾಧನಕ್ಕೂ ಒಂದು ನಂಬರ್. ಟಿವಿ 0, ರಿಸೀವರ್ 5. ಟಿವಿಯ ಸದ್ದು ಅದೇ ಕೇಬಲ್‌ನಲ್ಲಿ ವಾಪಸ್ ರಿಸೀವರ್‌ಗೆ ಹರಿಯೋ ಏರ್ಪಾಡಿಗೆ ಎಆರ್‌ಸಿ ಅನ್ನುತ್ತಾರೆ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಇದು ಇದೆ. ಸಾಮಾನ್ಯವಾಗಿ ಮೊದಲು ಸಿಇಸಿಯಲ್ಲಿ ಮಾತುಕತೆ ಆಗಬೇಕು, ಆಮೇಲೆ ಎಆರ್‌ಸಿಯಲ್ಲಿ ಸದ್ದು. ಮಾತುಕತೆ ಮುರಿದರೆ ಸದ್ದೂ ಇಲ್ಲ, ಟಿವಿ ರಿಮೋಟ್‌ನಲ್ಲಿ ವಾಲ್ಯೂಮೂ ಇಲ್ಲ.

ಮುರಿಯುತ್ತಿದ್ದುದು ಹೀಗೆ. ಟಿವಿ ಹಾಕಿದ ಕೂಡಲೇ ರಿಸೀವರಿನ ದೀಪವೇನೋ ಹೊತ್ತುತ್ತಿತ್ತು. ಆದರೆ ಅದು ಬ್ಲೂಟೂತ್ ಇನ್‌ಪುಟ್‌ಗೆ ಹೋಗಿ ನಿಂತಿರುತ್ತಿತ್ತು. ಇನ್‌ಪುಟ್ ಬದಲಾಯಿಸಿದರೂ ಎಆರ್‌ಸಿ ಏಳುತ್ತಿರಲಿಲ್ಲ. ಟಿವಿ ಪ್ಲಗ್ ತೆಗೆದು, ರಿಸೀವರ್ ಪ್ಲಗ್ ತೆಗೆದು, ಎಚ್‌ಡಿಎಂಐ ಕೇಬಲ್ ಬಿಚ್ಚಿ, ಒಂದು ನಿಮಿಷ ಬಿಟ್ಟು, ಮೊದಲು ಟಿವಿ ಆಮೇಲೆ ರಿಸೀವರ್ ಹಾಕಬೇಕು. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿಂದ.

ರಾತ್ರಿ ಎಂಟಕ್ಕೆ ಅಪ್ಪಯ್ಯನ ಫೋನ್ ಬರುತ್ತಿತ್ತು. “ಚಿತ್ರ ಬರ್ತಾ ಇದೆ ಮಾರಾಯ, ಸೌಂಡೇ ಇಲ್ಲ. ಎಂತ ಮಾಡ್ಲಿ?” ಅಪ್ಪಯ್ಯ ಮರದ ಸ್ಟ್ಯಾಂಡಿನ ಹಿಂದೆ ಬಗ್ಗಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೇಬಲ್. ಫೋನನ್ನು ಅಮ್ಮ ಅವರ ಕಿವಿಗೆ ಹಿಡಿದಿರುತ್ತಿದ್ದರು. ಮಳೆ ಸದ್ದಿಗೆ ನಾನು ಹೇಳಿದ್ದು ಅವರಿಗೆ ಕೇಳಿಸುತ್ತಿರಲಿಲ್ಲ. “ಎಚ್‌ಡಿಎಂಐ ಅಂದ್ರೆ ಯಾವ್ದು, ಚಪ್ಪಟೆ ಇರೋದಾ?” ಅಂತ ಕೇಳುತ್ತಿದ್ದರು. ಒಂದೇ ಜೂನ್ ತಿಂಗಳಲ್ಲಿ ಇಂಥ ಹನ್ನೊಂದು ಫೋನ್. ಕೇಳಿಸದವರಿಗೆ ಕೇಳಿಸಲಿ ಅಂತ ತಂದ ಡಬ್ಬ ಅವರನ್ನು ನೆಲದ ಮೇಲೆ ಮಂಡಿಯೂರಿಸುತ್ತಿದೆ ಅಂತ ನನಗೆ ತುಂಬ ಬೇಜಾರಾಯಿತು.

ಮಾಡಿ ನೋಡದ್ದು ಯಾವುದೂ ಉಳಿಯಲಿಲ್ಲ. ಹೊಸ ಕೇಬಲ್ ತಂದೆ, ಪ್ರಯೋಜನ ಆಗಲಿಲ್ಲ. ಪೆನ್‌ಡ್ರೈವ್‌ನಿಂದ ಹೊಸ ಫರ್ಮ್‌ವೇರ್, ಅಂದರೆ ರಿಸೀವರಿನ ಒಳಗಿನ ಸಾಫ್ಟ್‌ವೇರ್, ಹಾಕಿದೆ, ಅದರಿಂದಲೂ ಆಗಲಿಲ್ಲ. ಸೆಟ್ ಟಾಪ್ ಬಾಕ್ಸಿನ ಸಿಇಸಿ ಆಫ್ ಮಾಡಿದ ಮೇಲೆ ತೊಂದರೆ ಅರ್ಧ ಕಡಿಮೆಯಾಯಿತು. ಇದೇ ತೊಂದರೆ ಇರುವವರು ಮೊದಲು ಇದನ್ನೇ ಮಾಡಿ, ಖರ್ಚಿಲ್ಲ. ಕೊನೆಗೆ ಟಿವಿಯ ಸದ್ದನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಮಾತುಕತೆಯ ಗೋಜೇ ಇಲ್ಲ, ಸದ್ದು ತಪ್ಪದೆ ಬರುತ್ತೆ. ಆದರೆ ರಿಸೀವರ್ ತಾನಾಗಿ ಏಳೋದಿಲ್ಲ, ವಾಲ್ಯೂಮ್‌ಗೆ ಬೇರೆ ರಿಮೋಟ್ ಬೇಕು. ಸೆಟ್ ಟಾಪ್ ಬಾಕ್ಸಿನದು, ಟಿವಿಯದು, ರಿಸೀವರಿನದು, ಒಟ್ಟು ಮೂರು ರಿಮೋಟ್. ಅಮ್ಮ ಮೂರನ್ನೂ ಪಕ್ಕಕ್ಕಿಟ್ಟು ಟಿವಿ ನೋಡೋದನ್ನೇ ಬಿಟ್ಟರು. ಅವತ್ತೇ ನಿರ್ಧಾರ ಮಾಡಿದೆ.

ಐದು ಚಾನೆಲ್‌ನದನ್ನು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ನೋಡಿದೆ. ಈ ಸಲ ಅಲ್ಲಿ ಹಾಡು ಕೇಳಲಿಲ್ಲ. ನಮ್ಮನೆಯ ಕಂಪನಿಯದೇ ಟಿವಿಗೆ ಎಆರ್‌ಸಿಯಲ್ಲಿ ಜೋಡಿಸಿ ಅಂದೆ. ಟಿವಿ ಓಡುತ್ತಿರುವಾಗಲೇ ರಿಸೀವರಿನ ಪ್ಲಗ್ ಕಿತ್ತೆ. ಎರಡು ನಿಮಿಷ ಬಿಟ್ಟು ಹಾಕಿದೆ. ಟಿವಿ ಆಫ್ ಮಾಡಿ ಆನ್ ಮಾಡಿದೆ. ರಿಸೀವರ್ ಎದ್ದಿತು, ಟಿವಿ ಇನ್‌ಪುಟ್‌ಗೇ ಹೋಯಿತು, ಸದ್ದು ಬಂತು. ಮತ್ತೆ ಕಿತ್ತೆ. ಐದು ಸಲ ಮಾಡಿದೆ, ಐದೂ ಸಲ ಬಂತು. ಅಂಗಡಿಯವರು ತಾಳ್ಮೆಯಿಂದ ನಿಂತಿದ್ದರು. 29,500 ಕೊಟ್ಟು ತಂದೆ. ಕರೆಂಟು ನಿಲ್ಲದ ಊರಿನವರಿಗೆ ಈ ಪರೀಕ್ಷೆ ಬೇಡ. ಉಳಿದವರು ದಯವಿಟ್ಟು ಇದನ್ನು ಮಾಡದೆ ಯಾವ ರಿಸೀವರನ್ನೂ ಕೊಳ್ಳಬೇಡಿ.

ಇನ್ನು ಮಾತಿನ ವಿಚಾರ. ಸಿನಿಮಾದ ಐದು ಚಾನೆಲ್‌ನಲ್ಲಿ ಮಾತು ಹೆಚ್ಚಾಗಿ ಬರೋದು ನಡುವಿನ ಸೆಂಟರ್ ಸ್ಪೀಕರ್‌ನಿಂದ. ಅಮ್ಮ ನೋಡುವ ಧಾರಾವಾಹಿ ಬರೋದು ಎರಡೇ ಚಾನೆಲ್‌ನಲ್ಲಿ. ಆದರೂ ಡಾಲ್ಬಿಯ ಸರೌಂಡ್ ಮೋಡ್ ಹಾಕಿದರೆ ಎರಡರಲ್ಲೂ ಸಮವಾಗಿರುವ ಸದ್ದನ್ನು, ಅಂದರೆ ಬಹುಪಾಲು ಮಾತನ್ನು, ಆರಿಸಿ ಸೆಂಟರ್‌ಗೆ ಕೊಡುತ್ತೆ. ಆಮೇಲೆ ಸೆಂಟರ್ ಒಂದನ್ನೇ 3 ಅಥವಾ 4 ಡೆಸಿಬೆಲ್ ಏರಿಸಿದರೆ ಹಿನ್ನೆಲೆ ಸಂಗೀತ ಹಿಂದೆ ಸರಿದು ಮಾತು ಮುಂದೆ ಬರುತ್ತೆ. ಎರಡೂ ರಿಸೀವರ್‌ನಲ್ಲಿ ಇದು ಒಂದೇ ರೀತಿ ಇದೆ. ವ್ಯತ್ಯಾಸ ಬಂದಿದ್ದು ರಾತ್ರಿ ಮೋಡ್‌ನಲ್ಲಿ. ಮೆಲ್ಲಗಿನ ಸದ್ದನ್ನು ಏರಿಸಿ, ಜೋರಿನದನ್ನು ತಗ್ಗಿಸೋದು ಅದರ ಕೆಲಸ. ಏಳು ಚಾನೆಲ್‌ನದರಲ್ಲಿ ಇದು ಡಾಲ್ಬಿ ಸದ್ದಿಗೆ ಮಾತ್ರ ಆಗುತ್ತಿತ್ತು, ಅದೂ ಮೆನುವಿನ ಮೂರು ಮೆಟ್ಟಿಲು ಒಳಗೆ. ಐದು ಚಾನೆಲ್‌ನದರಲ್ಲಿ ಯಾವ ಸದ್ದಿಗೂ ಆಗುತ್ತೆ, ರಿಮೋಟ್‌ನಲ್ಲೇ ಬಟನ್ ಇದೆ. ಮಳೆ ಬಂದಾಗ ಅಪ್ಪಯ್ಯ ಆ ಬಟನ್ ಒತ್ತುತ್ತಾರೆ. ಗುರುತಿಗೆ ಅದರ ಮೇಲೆ ಅಮ್ಮನ ಕುಂಕುಮದ ಸ್ಟಿಕ್ಕರ್ ಒಂದನ್ನು ಅಂಟಿಸಿದ್ದೇವೆ.

ಮೈಕ್ ಇಟ್ಟು ಸ್ಪೀಕರ್ ಹೊಂದಿಸೋ ಸೌಲಭ್ಯ ಎರಡರಲ್ಲೂ ಇದೆ. ಮೊದಲ ಸಲ ಮಳೆ ಹೊಯ್ಯುವಾಗಲೇ ಮಾಡಿ ಲೆಕ್ಕವೆಲ್ಲ ಹಾಳಾಗಿತ್ತು. ಮಳೆ ನಿಂತು, ಜೀರುಂಡೆಯೂ ಸುಮ್ಮನಾದ ಹೊತ್ತು ನೋಡಿ ಮಾಡಿ. ನನ್ನದು ಸಣ್ಣ ಬುಕ್‌ಶೆಲ್ಫ್ ಸ್ಪೀಕರ್‌ಗಳು, ಎರಡೂ ರಿಸೀವರ್ ಅವನ್ನು ದೊಡ್ಡವು ಅಂದವು. ಕೈಯಾರೆ ‘ಸ್ಮಾಲ್’ ಅಂತ ಬದಲಿಸಿ, 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ವರದ ಸದ್ದನ್ನು ಅದಕ್ಕೆಂದೇ ಇರುವ ಸಬ್‌ವೂಫರ್ ಸ್ಪೀಕರ್‌ಗೆ ಬಿಟ್ಟೆ. ಸಬ್‌ವೂಫರ್ ಇರೋದಕ್ಕಿಂತ ದೂರ ಇದೆ ಅಂತ ತೋರಿಸಿದರೆ ಮುಟ್ಟಬೇಡಿ, ಅದರ ಒಳಗಿನ ಸರ್ಕ್ಯೂಟಿನಿಂದಾಗುವ ತಡವನ್ನು ದೂರ ಅಂತ ಲೆಕ್ಕ ಹಾಕಿರುತ್ತೆ.

ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ‘ಪಿಸಿಎಂ’ ಇದ್ದರೆ ಎಆರ್‌ಸಿಯಲ್ಲಿ ಎರಡೇ ಚಾನೆಲ್ ಬರುತ್ತೆ. ‘ಬಿಟ್‌ಸ್ಟ್ರೀಮ್’ ಅಥವಾ ‘ಆಟೋ’ ಮಾಡಿ.

ವ್ಯಾಟ್ ಲೆಕ್ಕ ನೋಡಲೇಬೇಡಿ. ಡಬ್ಬದ ಮೇಲಿನ ದೊಡ್ಡ ಅಂಕಿ ಹೆಚ್ಚಾಗಿ ಒಂದೇ ಚಾನೆಲ್ ಓಡಿಸಿ ಅಳೆದದ್ದು. ವ್ಯಾಟ್ ಎರಡು ಪಟ್ಟಾದರೂ ಸದ್ದು ಏರೋದು 3 ಡೆಸಿಬೆಲ್ ಅಷ್ಟೇ.

ಏಳು ಚಾನೆಲ್‌ನದು ಒಂದು ಕಡೆ ಸ್ಪಷ್ಟವಾಗಿ ಮೇಲು. ವೈರ್ ಸಿಕ್ಕಿಸುವ ಜಾಗ ಎಲ್ಲವೂ ತಿರುಪಿನವು. ಐದು ಚಾನೆಲ್‌ನದರಲ್ಲಿ ಮುಂದಿನ ಎರಡಕ್ಕೆ ಮಾತ್ರ ತಿರುಪು, ಉಳಿದವಕ್ಕೆ ಒತ್ತಿ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್. ನಾನು ಮೊದಲು ಎಳೆದಿದ್ದ 14 ಗೇಜ್ ವೈರ್ ಅದರೊಳಗೆ ಹೋಗಲೇ ಇಲ್ಲ. ಸೆಂಟರ್‌ಗೂ ಉಳಿದೆರಡಕ್ಕೂ ಅದಕ್ಕಿಂತ ತೆಳುವಾದ 16 ಗೇಜ್ ತಂದು, ತುದಿಯ ಎಳೆಗಳನ್ನು ಹೊಸೆದು ತೂರಿಸಿದೆ. ಜಂತಿ ಪಕ್ಕದಲ್ಲಿ ಮತ್ತೆ ವೈರ್ ಎಳೆಯೋದಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಐದು ಚಾನೆಲ್‌ನದರಲ್ಲಿ ವೈಫೈ ಇಲ್ಲ, 8ಕೆ ಚಿತ್ರವೂ ಇಲ್ಲ. ಇಲ್ಲಿವರೆಗೆ ಯಾರೂ ಕೇಳಿಲ್ಲ.

ಏಳು ಚಾನೆಲ್‌ನದನ್ನು ಬೆಂಗಳೂರಿನ ಗೆಳೆಯನೊಬ್ಬ 27,000ಕ್ಕೆ ತಗೊಂಡ. ಅವನದು ಅಪಾರ್ಟ್‌ಮೆಂಟ್, ಮೇಲೆ ಚಪ್ಪಟೆ ಕಾಂಕ್ರೀಟ್, ಕರೆಂಟು ಹೋದರೆ ಕ್ಷಣದಲ್ಲಿ ಜನರೇಟರ್. ಮೇಲ್ಮುಖದ ಎರಡು ಸ್ಪೀಕರ್ ತಂದು ಅಟ್ಮಾಸ್ ಮಾಡಿಕೊಂಡಿದ್ದಾನೆ. ಅಲ್ಲಿ ಕೂತು ಕೇಳಿದೆ, ಮಳೆಯ ದೃಶ್ಯದಲ್ಲಿ ಹನಿ ನಿಜವಾಗಿ ತಲೆ ಮೇಲಿಂದ ಬೀಳುತ್ತೆ. ಅಂಥ ಮನೆ ಇರುವವರು ಹೆಚ್ಚಿನ ದುಡ್ಡು ಕೊಟ್ಟು ಏಳು ಚಾನೆಲ್‌ನದನ್ನೇ ತಗೊಳ್ಳಿ. ನನಗೆ ಮಾರಿದ್ದರಲ್ಲಿ 19,000 ನಷ್ಟ.

ಐದು ಚಾನೆಲ್‌ನದು ಊರಲ್ಲಿ ಒಂದು ಮಳೆಗಾಲ ಕಳೆದಿದೆ. ಅಪ್ಪಯ್ಯನ ಕುರ್ಚಿ ಈಗ ಹಿಂದಿನ ಗೋಡೆ ಹತ್ತಿರ, ಕಿಟಕಿ ಪಕ್ಕಕ್ಕೆ ಹೋಗಿದೆ. ಮುಂದಿನ ಖರ್ಚು ಸೈನ್ ವೇವ್ ಇನ್ವರ್ಟರ್‌ಗೆ. ಅದು ಬಂದರೆ ರಿಸೀವರನ್ನೂ ಅದರ ಮೇಲೆಯೇ ಹಾಕಬಹುದು.