ಆನ್‌ಲೈನ್ ಟ್ರೈನಿಂಗ್: ಲೈವ್ ಕ್ಲಾಸೋ, ವಿಡಿಯೋ ನೋಡಿ ತಿದ್ದುವುದೋ?

ಕಲಬುರಗಿಯಲ್ಲಿ ಪರ್ಸನಲ್ ಟ್ರೈನಿಂಗ್ ಮಾಡುವವರು ಆನ್‌ಲೈನ್‌ಗೆ ಹೋಗಲು ಕಾರಣ ಹುಡುಕಬೇಕಾಗಿಲ್ಲ. ಇಲ್ಲಿ ಓದಿದ ಮಕ್ಕಳು ಕೆಲಸಕ್ಕೆಂದು ಹೈದರಾಬಾದ್, ಪುಣೆ, ಬೆಂಗಳೂರು ಸೇರುತ್ತಾರೆ. ಮದುವೆಯಾದ ಹೆಣ್ಮಕ್ಕಳು ಸೊಲ್ಲಾಪುರಕ್ಕೋ ದುಬೈಗೋ ಹೋಗುತ್ತಾರೆ. ಊರಲ್ಲೇ ಇರುವವರಲ್ಲೂ ಜಿಮ್‌ಗೆ ಬರಲು ಆಗದ ಹೆಣ್ಮಕ್ಕಳು ಬಹಳ. ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊತ್ತೇರಿದ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ.

ನಾನು ನಾಲ್ಕು ದಾರಿ ಬಳಸಿ ನೋಡಿದ್ದೇನೆ. ಜೂಮ್‌ನಲ್ಲಿ ಗುಂಪು ಕ್ಲಾಸ್, ಗೂಗಲ್ ಮೀಟ್‌ನಲ್ಲಿ ಒಬ್ಬೊಬ್ಬರಿಗೇ ಕ್ಲಾಸ್, ಕಲಿಯುವವರಿಂದ ವಿಡಿಯೋ ತರಿಸಿಕೊಂಡು ವಾಟ್ಸಾಪ್‌ನಲ್ಲಿ ತಿದ್ದುವುದು, ಆಮೇಲೆ ಟ್ರೈನರ್‌ಗಳಿಗೆಂದೇ ಇರುವ ಆಪ್. ಮೂರನೆಯದು ಗೆದ್ದಿತು. ಲೈವ್ ಇಲ್ಲದಿದ್ದರೆ ಅದೇನು ಟ್ರೈನಿಂಗ್ ಎಂದು ತುಂಬಾ ಜನ ಕೇಳುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಜೂಮ್ ಗುಂಪು ಕ್ಲಾಸಿನಲ್ಲಿ ಇರುವ ಹುರುಪು ಬೇರೆ ಯಾವುದರಲ್ಲೂ ಇಲ್ಲ. ಮುಂಜಾನೆ ಐದೂವರೆಗೆ ಒಬ್ಬರು ಬಂದರೆಂದು ಇನ್ನೊಬ್ಬರು ಏಳುತ್ತಾರೆ. ಉಚಿತ ಖಾತೆಯಲ್ಲಿ 100 ಜನ ಸೇರಬಹುದು, ಆದರೆ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ವಾರ್ಮಪ್, ಸ್ಟ್ರೆಚಿಂಗ್ ಎಲ್ಲ ಸೇರಿ 35 ನಿಮಿಷಕ್ಕೆ ಕ್ಲಾಸ್ ಹೊಂದಿಸಿಕೊಂಡರೆ ಅದು ತೊಡಕೇ ಅಲ್ಲ. ತೊಡಕಿರುವುದು ನೋಡುವುದರಲ್ಲಿ. ನಾನೇ ಸ್ಕ್ವಾಟ್ (ಕುರ್ಚಿಗೆ ಕೂರುವಂತೆ ಮೊಣಕಾಲು ಬಗ್ಗಿಸಿ ಏಳುವುದು) ಮಾಡಿ ತೋರಿಸುವಾಗ ಪರದೆ ನೋಡಲು ಆಗುವುದಿಲ್ಲ. ನಿಂತು ನೋಡಿದರೆ ಸಣ್ಣ ಸಣ್ಣ ಚೌಕಗಳು. ಒಂದರಲ್ಲಿ ತಲೆ ಮಾತ್ರ, ಒಂದರಲ್ಲಿ ಮೇಲಿನ ಫ್ಯಾನು, ಇನ್ನೆರಡರಲ್ಲಿ ಕ್ಯಾಮೆರಾ ಆಫ್. ಅತ್ತೆ, ಮಾವ, ಮೈದುನ ಓಡಾಡುವ ಮನೆಯಲ್ಲಿ ಇರುವವರಿಗೆ ಕ್ಯಾಮೆರಾ ಹಾಕಲೇಬೇಕು ಎಂದು ಒತ್ತಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಣಿಕೆಯೂ ಕೂಡಿಬರುವುದಿಲ್ಲ. ನಾನು ಎಂಟು ಅಂದಾಗ ನೆಟ್‌ವರ್ಕ್ ನಿಧಾನ ಇರುವವರು ಆರರಲ್ಲಿರುತ್ತಾರೆ. ಅದಕ್ಕೆ ಗುಂಪು ಕ್ಲಾಸಿನಲ್ಲಿ ಎಣಿಸುವುದನ್ನೇ ಬಿಟ್ಟೆ. 40 ಸೆಕೆಂಡ್ ಮಾಡಿ, 20 ಸೆಕೆಂಡ್ ನಿಲ್ಲಿ, ಅಷ್ಟೇ. ಆಗಲೇ ವ್ಯಾಯಾಮ ಬರುವವರಿಗೆ ಇದು ಚೆನ್ನಾಗಿದೆ. ಹೊಸಬರಿಗೆ ಬೇಡ.

ಹೊಸಬರಿಗೆ ಗೂಗಲ್ ಮೀಟ್. ಮೂವರು ಅಥವಾ ಹೆಚ್ಚು ಜನ ಇದ್ದರೆ ಉಚಿತ ಖಾತೆಯಲ್ಲಿ 60 ನಿಮಿಷದ ಮಿತಿ, ಇಬ್ಬರೇ ಇದ್ದರೆ 24 ಗಂಟೆ. ಜೂಮ್‌ನ 40 ನಿಮಿಷದ ಲೆಕ್ಕ ಇಬ್ಬರಿಗೂ ಅದೇ. ಒಬ್ಬರನ್ನೇ ನೋಡುತ್ತಿದ್ದರೆ ವ್ಯಾಯಾಮದ ಜೊತೆ ಮನೆಯೂ ಕಾಣುತ್ತದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದಿ ಫರಸಿ. ತಿಕ್ಕಿ ತಿಕ್ಕಿ ನುಣುಪಾದ ಕಲ್ಲು, ಮೇಲೆ ಬೆವರು ಬಿದ್ದರೆ ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸುವುದು) ಮಾಡುವಾಗ ಮುಂದಿನ ಕಾಲು ಜಾರುತ್ತದೆ, ಮ್ಯಾಟೂ ಸರಿಯುತ್ತದೆ. ಇಂಥದ್ದು ಲೈವ್‌ನಲ್ಲಿ ಕಂಡರೆ ಆ ಕ್ಷಣವೇ ನಿಲ್ಲಿಸಿ ಗೋಡೆ ಹಿಡಿಸಬಹುದು.

ಆದರೆ ಒಬ್ಬರಿಗೆ ಕೊಟ್ಟ ತಾಸು ಇನ್ನೊಬ್ಬರಿಗೆ ಸಿಗುವುದಿಲ್ಲ. ‘ಅಕ್ಕಾ, ಮನಿಗೆ ಮಂದಿ ಬಂದಾರ್ರಿ, ನಾಳೆ ಮಾಡೋಣೇನ್ರಿ?’ ಎಂದರೆ ಆ ಹೊತ್ತು ಸುಮ್ನೆ ಹೋಯಿತು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಅವರ ಮುಂಜಾನೆ ಆರು ಅಂದರೆ ನಮ್ಮ ಏಳೂವರೆ, ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತು. ಬೇಸಿಗೆಯಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಮೊಬೈಲ್ ಡೇಟಾ ಒಂದನ್ನೇ ನಂಬಬೇಕು. ದುಡಿಮೆ ಎಂದು ನೋಡಿದರೆ ಬರೀ ಲೈವ್ ಮೇಲೆ ನಡೆಸುವುದು ಕಷ್ಟ.

ಇನ್ನು ವಿಡಿಯೋ ತರಿಸಿಕೊಂಡು ತಿದ್ದುವ ದಾರಿ. ಪ್ರತಿ ವ್ಯಾಯಾಮವನ್ನೂ ಕನ್ನಡದಲ್ಲಿ ಹೇಳುತ್ತಾ ಚಿಕ್ಕ ವಿಡಿಯೋ ಮಾಡಿ ಯೂಟ್ಯೂಬ್‌ಗೆ ‘ಅನ್‌ಲಿಸ್ಟೆಡ್’ ಆಗಿ ಹಾಕುತ್ತೇನೆ. ಹುಡುಕಿದರೆ ಸಿಗದು, ಲಿಂಕ್ ಇದ್ದವರು ಮಾತ್ರ ನೋಡಬಹುದು. ಲಿಂಕ್ ಯಾರಿಗೆ ಬೇಕಾದರೂ ಹೋಗಬಹುದು ಎಂಬುದು ನಿಜ, ಹೋಗಲಿ. ಜನ ದುಡ್ಡು ಕೊಡುವುದು ತಿದ್ದುವುದಕ್ಕೆ. ಸಿನಿಮಾ ಹಾಡು ಮಾತ್ರ ಹಾಕಬೇಡಿ, ಕಾಪಿರೈಟ್ ಕ್ಲೇಮ್ ಬರುತ್ತದೆ.

ಕಲಿಯುವವರು ತಮಗೆ ಬಿಡುವಾದಾಗ ಮಾಡಿ, ವಾರಕ್ಕೊಮ್ಮೆ ತಮ್ಮ ವಿಡಿಯೋ ಕಳಿಸಬೇಕು. ಕುರ್ಚಿಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟು ಅದಕ್ಕೆ ಫೋನ್ ಒರಗಿಸಿ, ಸೊಂಟದ ಎತ್ತರಕ್ಕೆ ಬರಲಿ, ಎಂಟು ಅಡಿ ಹಿಂದೆ ನಿಲ್ಲಿ ಎನ್ನುತ್ತೇನೆ. ಸ್ಕ್ವಾಟ್ ಆದರೆ ಎರಡು ವಿಡಿಯೋ ಬೇಕು. ಮೊಣಕಾಲು ಒಳಗೆ ವಾಲುವುದು ಮುಂದಿನಿಂದ ಕಾಣುತ್ತದೆ, ಹಿಮ್ಮಡಿ ಏಳುವುದು ಮತ್ತು ಬೆನ್ನು ಬಾಗುವುದು ಪಕ್ಕದಿಂದ. ಮುಖ ಬೇಕಿಲ್ಲ, ಕುತ್ತಿಗೆಯಿಂದ ಕೆಳಗೆ ಕಂಡರೆ ಸಾಕು. ವಾಟ್ಸಾಪ್‌ನಲ್ಲಿ ಮೆಸೇಜ್ ತಾನಾಗೇ ಅಳಿಯುವ ‘ಡಿಸಪಿಯರಿಂಗ್ ಮೆಸೇಜ್’ ಅನ್ನು 7 ದಿನಕ್ಕೆ ಇಡಿಸುತ್ತೇನೆ, ಗ್ಯಾಲರಿಗೆ ಇಳಿದ ವಿಡಿಯೋವನ್ನು ನೋಡಿದ ಮೇಲೆ ಅಳಿಸುತ್ತೇನೆ. ಈ ಮಾತು ಮೊದಲೇ ಹೇಳಿದ್ದಕ್ಕೆ ಜೂಮ್‌ನಲ್ಲಿ ಕ್ಯಾಮೆರಾ ಹಾಕದವರೂ ವಿಡಿಯೋ ಕಳಿಸಿದರು.

ಸೇಡಂ ರೋಡಿನ ಕಡೆಯ ಒಬ್ಬ ಕಾಕಿ ಐದು ಕೆಜಿ ತೊಗರಿ ಬೇಳೆಯನ್ನು ಕೈಚೀಲಕ್ಕೆ ಹಾಕಿ ನೆಲದಿಂದ ಎತ್ತುವುದನ್ನು ಕಲಿಯುತ್ತಿದ್ದರು. ಲೈವ್‌ನಲ್ಲಿ ಎಲ್ಲ ಸರಿಯಾಗೇ ಕಂಡಿತ್ತು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಗೊತ್ತಾಯಿತು, ಮೊದಲ ಆರು ಸಲ ಸೊಂಟ ಹಿಂದೆ ಹೋಗುತ್ತದೆ, ಏಳನೇ ಸಲ ದಣಿವಾಗಿ ಬರೀ ಬೆನ್ನು ಬಾಗುತ್ತದೆ. ‘ಕಾಕಿ, ಆರಕ್ಕೆ ನಿಲ್ಲಿಸ್ರಿ, ಚೀಲ ಪಾದಕ್ಕೆ ಇನ್ನೂ ಹತ್ರ ಇಡ್ರಿ’ ಎಂದು ವಾಯ್ಸ್ ಮೆಸೇಜ್ ಕಳಿಸಿದೆ. ಅದನ್ನು ಅವರು ಪ್ರತಿ ಸಲ ಎತ್ತುವ ಮೊದಲು ಹಾಕಿಕೊಂಡು ಕೇಳುತ್ತಿದ್ದರಂತೆ. ಲೈವ್‌ನಲ್ಲಿ ಹೇಳಿದ ಮಾತು ಹಾಗೆ ಉಳಿಯುವುದಿಲ್ಲ, ಅಲ್ವಾ? ನನಗೂ ಒಬ್ಬರ ಕೆಲಸ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಮಧ್ಯಾಹ್ನ ಮನೆಯಲ್ಲಿ ಕೂತು ಮಾಡಬಹುದು. ಅದಕ್ಕೇ ಫೀಸು ಲೈವ್‌ಗಿಂತ ಕಡಿಮೆ ಇಟ್ಟಿದ್ದೇನೆ. ತಿಂಗಳಿನ ಮೊದಲೇ ಯುಪಿಐನಲ್ಲಿ ತೆಗೆದುಕೊಳ್ಳುತ್ತೇನೆ.

ಆಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಹಾಕಿಕೊಂಡಿದ್ದು ವಿದೇಶದ್ದು. ಲೆಕ್ಕ, ಚಾರ್ಟು ಅಚ್ಚುಕಟ್ಟು. ಆದರೆ ಎಲ್ಲ ಇಂಗ್ಲಿಷ್, ಚಂದಾ ಡಾಲರ್‌ನಲ್ಲಿ. ಊಟ ಬರೆಯುವ ಜಾಗದಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಹುಡುಕಿ ಸಾಕಾಗುತ್ತದೆ. ಒಬ್ಬರ ಮನೆಯ ರೊಟ್ಟಿ ಇನ್ನೊಬ್ಬರ ಮನೆಯದರ ಒಂದೂವರೆಯಷ್ಟು ಇರುತ್ತದೆ. ತಟ್ಟೆಯ ಫೋಟೋ ನೋಡಿದರೆ ನನಗೆ ಬೇಗ ತಿಳಿಯುತ್ತದೆ, ಬೇಳೆ ಗಟ್ಟಿಯಾಗಿದೆಯೋ ನೀರಾಗಿದೆಯೋ ಎಂಬುದು ಸಹ.

ಹೀಗಾಗಿ ಹೊಸಬರಿಗೆ ಮೊದಲ ಕೆಲವು ವಾರ ಮೀಟ್, ಆಮೇಲೆ ವಿಡಿಯೋ, ಮನಸ್ಸಿದ್ದವರಿಗೆ ವಾರಕ್ಕೊಂದು ಜೂಮ್ ಎಂದು ಮಾಡಿಕೊಂಡಿದ್ದೇನೆ. ಶುಗರ್ ಇದ್ದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಬಿಪಿ ಜಾಸ್ತಿ ಇರುವವರಿಗೆ ಮಾತ್ರ ವಿಡಿಯೋ ದಾರಿ ಕೊಡುವುದಿಲ್ಲ. ವ್ಯಾಯಾಮದ ನಡುವೆ ಶುಗರ್ ಇಳಿದು ಕೈ ನಡುಗಿದರೆ ಆಗಲೇ ಯಾರಾದರೂ ನೋಡಬೇಕು. ಡಾಕ್ಟರನ್ನು ಕೇಳಿದ ಮೇಲೇ ಶುರು, ಯಾವಾಗಲೂ ಲೈವ್, ಪಕ್ಕದಲ್ಲಿ ಸಕ್ಕರೆ, ಮನೆಯಲ್ಲಿ ಇನ್ನೊಬ್ಬರು. ಪುಣೆಯಲ್ಲಿರುವವರಿಗೆ ಏನಾದರೂ ಆದರೆ ನಾನು ಕಲಬುರಗಿಯಿಂದ 108 ಒತ್ತಿ ಉಪಯೋಗವಿಲ್ಲ. ಆದ್ದರಿಂದ ಅವರ ಮನೆಯವರ ನಂಬರ್, ಪೂರ್ತಿ ವಿಳಾಸ ಬರೆದುಕೊಂಡ ಮೇಲೇ ಮೊದಲ ಕ್ಲಾಸ್‌ನ ಲಿಂಕ್ ಕಳಿಸುತ್ತೇನೆ.