ಹುಣಸೆಹಣ್ಣು, ಉಪ್ಪು, ಹಿತ್ತಾಳೆ: ಆರು ವರ್ಷ ಬಳಸಿದ ಮೇಲೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹಿತ್ತಾಳೆ ಸಾಮಾನು ಸ್ವಲ್ಪ ಜಾಸ್ತಿನೇ. ಎರಡು ಸಮೆ (ನಿಲ್ಲಿಸುವ ಎತ್ತರದ ದೀಪ), ಆರತಿ ತಟ್ಟೆ, ಗಂಟೆ, ನಾಲ್ಕು ತಂಬಿಗೆ, ಮತ್ತೆ ಧಾರವಾಡದಿಂದ ತಂದ ಅಜ್ಜಿಯ ಕೊಡ. ಊರಲ್ಲಿ ಒಮ್ಮೆ ಬೆಳಗಿದರೆ ಎರಡು ವಾರ ಹೊಳಪು ನಿಲ್ಲುತ್ತಿತ್ತು. ಇಲ್ಲಿ ಜೂನ್ ಮಳೆ ಶುರುವಾದರೆ ನಾಲ್ಕನೇ ದಿನಕ್ಕೇ ಮಂಕು. ಬತ್ತಿ ಉರಿಯುವ ಜಾಗದಲ್ಲಿ ಎಣ್ಣೆ ಜಿಡ್ಡಿನ ಜೊತೆ ಹಸಿರು ಕಿಲುಬು ಬೇರೆ.

ಮೊದಲು ಅಂಗಡಿಯ ಪುಡಿ ಬಳಸುತ್ತಿದ್ದೆ. ಬೇಗ ಹೊಳೆಯುತ್ತದೆ, ಸುಳ್ಳು ಹೇಳಲ್ಲ. ಆದರೆ ನಾನು ವಾರವಾರ ಗಟ್ಟಿಯಾಗಿ ಉಜ್ಜುತ್ತಿದ್ದೆ, ಉಜ್ಜಿದಷ್ಟೂ ಹಿತ್ತಾಳೆ ಸವೆಯುತ್ತದೆ. ಅಜ್ಜಿಯ ಕೊಡದ ಕಂಠದ ಮೇಲೆ ಅವಳ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಹೊಡೆಸಿದ್ದಾರೆ. ಒಂದು ದಿನ ಬೆರಳಾಡಿಸಿದರೆ ಮೊದಲ ಅಕ್ಷರದ ಚುಕ್ಕಿಗಳು ಕೈಗೆ ಸಿಗಲೇ ಇಲ್ಲ. ಅವತ್ತೇ ಪುಡಿ ಬಿಟ್ಟು ಹುಣಸೆಹಣ್ಣಿಗೆ ಬಂದೆ.

ಸಾರಿಗೆ ರಸ ಹಿಂಡಿ ಉಳಿದ ಹುಣಸೆಯನ್ನು ಎಸೆಯಲ್ಲ. ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ವಾರಕ್ಕೆ ಒಂದು ಮುಷ್ಟಿ ಆಗುತ್ತದೆ, ಅಷ್ಟು ಸಾಕು. ಬೆಳಗುವ ದಿನ ಬಿಸಿನೀರು, ಒಂದು ಚಮಚ ಉಪ್ಪು ಹಾಕಿ ಚೆನ್ನಾಗಿ ಕಿವುಚಬೇಕು. ಉಪ್ಪು ಪೂರ್ತಿ ಕರಗಲಿ, ಹರಳು ಉಳಿದರೆ ಗೀರು ಬೀಳಬಹುದು. ಅದಕ್ಕೂ ಮೊದಲು ಸಮೆಯ ಜಿಡ್ಡನ್ನು ಸೋಪು, ಬಿಸಿನೀರಿನಲ್ಲಿ ತೆಗೆಯಲೇಬೇಕು. ಎಣ್ಣೆ ಇದ್ದ ಕಡೆ ಹುಳಿ ಒಳಗೆ ಇಳಿಯೋದೇ ಇಲ್ಲ. ನಾನು ಮೊದಲ ಆರು ತಿಂಗಳು ಇದನ್ನು ಮಾಡದೆ ಸುಮ್ನೆ ಕೈ ನೋಯಿಸಿಕೊಂಡೆ. ಹುಳಿ ಹಚ್ಚಿ ಎರಡು ಮೂರು ನಿಮಿಷ ಬಿಟ್ಟರೆ ಕಪ್ಪು ತಾನೇ ಜಾರುತ್ತದೆ. ಕೆತ್ತನೆ ಸಂದಿಗೆ ಹಳೇ ಟೂತ್‌ಬ್ರಷ್.

ಪಕ್ಕದ ಮನೆಯ ಮಾಲ್ವಣದ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಆಮಸೂಲ್ ನೆನೆಸಿದ ನೀರು ಬಳಸುತ್ತಾರೆ. ನಾವು ಕೋಕಂ ಅನ್ನೋದೇ ಅದು. ಕೆಲಸ ಹುಣಸೆಯಷ್ಟೇ ಚೆನ್ನಾಗಿದೆ, ಆದರೆ ಬಟ್ಟೆಗೆ ಕೆಂಪು ಕಲೆ ಹಿಡಿಯುತ್ತದೆ. ಹಿಂಡಿದ ನಿಂಬೆ ಹೋಳು ತಂಬಿಗೆಗೆ ಒಳ್ಳೆಯದು. ವಿನೆಗರ್‌ಗೆ ಉಪ್ಪು, ಮೈದಾ ಕಲಸಿದ ಹಿಟ್ಟು ನಿಂತ ಸಮೆಯ ಮೈಗೆ ಜಾರದೆ ಅಂಟಿಕೊಳ್ಳುತ್ತದೆ, ಆದರೆ ವಾಸನೆ ನನಗೆ ಆಗಲ್ಲ.

ಒಂದು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಎರಡನೇ ವರ್ಷ ಗಣಪತಿ ಹಬ್ಬದ ಹಿಂದಿನ ರಾತ್ರಿ ಆರತಿ ತಟ್ಟೆಗೆ ಹುಣಸೆ ಹಚ್ಚಿ ಹಾಗೇ ಮಲಗಿದೆ. ಬೆಳಿಗ್ಗೆ ನೋಡಿದರೆ ನಡುವೆ ಅಂಗೈಯಗಲ ಗುಲಾಬಿ ಬಣ್ಣ. ಹಿತ್ತಾಳೆಯಲ್ಲಿ ತಾಮ್ರ, ಸತು ಎರಡೂ ಇರುತ್ತವೆ. ಹುಳಿ ತುಂಬಾ ಹೊತ್ತು ನಿಂತರೆ ಮೇಲ್ಪದರದ ಸತು ಕರಗಿ ತಾಮ್ರ ಉಳಿಯುತ್ತದೆ. ಫೋನ್ ಮಾಡಿದರೆ ಅವ್ವ, "ಹುಳಿ ಹಚ್ಚಿಟ್ಟು ಯಾರರ ಮಲಕೋತಾರೇನವಾ?" ಅಂದಳು. ಸೀಮೆಸುಣ್ಣದ ನಯ ಪುಡಿಯಲ್ಲಿ ಮೂರು ಸಲ ಕೂತು ತಿಕ್ಕಿದ ಮೇಲೆ ಹೋಯಿತು. ಈಗ ಹುಳಿ ಹಚ್ಚಿದ ಕೂಡಲೇ ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ.

ಮುಂಬೈನ ಭುಲೇಶ್ವರದ ಕಡೆ ಕೊಂಡ ಹೊಸ ಸಮೆಗೆ ಮಾತ್ರ ಹುಳಿ ಏನೂ ಮಾಡಲಿಲ್ಲ. ಅದರ ಮೇಲೆ ಲ್ಯಾಕರ್, ಅಂದರೆ ವಾರ್ನಿಷ್‌ನಂಥ ಪಾರದರ್ಶಕ ಪದರ ಇತ್ತು. ಅಲ್ಲಲ್ಲಿ ಎದ್ದಿದ್ದರಿಂದ ಹುಳಿ ಹಚ್ಚಿದಾಗ ತೇಪೆ ಹಾಕಿದ ಹಾಗೆ ಕಂಡಿತು. ಕಿಟಕಿ ತೆಗೆದು, ಹತ್ತಿರ ದೀಪ, ಒಲೆ ಏನೂ ಉರಿಯದ ಹಾಗೆ ನೋಡಿಕೊಂಡು, ಅಸಿಟೋನ್ ಹತ್ತಿಯಲ್ಲಿ ಆ ಪದರವನ್ನು ಒರೆಸಿ ತೆಗೆದೆ. ಕಲಾಯಿ ಮಾಡಿಸಿದ ಪಾತ್ರೆಯಾದರೆ ಒಳಗಡೆ ಇದನ್ನೆಲ್ಲ ಹಾಕಿ ತಿಕ್ಕಬೇಡಿ, ಹೊರಗೆ ಮಾತ್ರ ಸಾಕು.

ಯಾವ ಹುಳಿ ಅನ್ನೋದಕ್ಕಿಂತ ಆಮೇಲಿನ ಹತ್ತು ನಿಮಿಷ ನನಗೆ ಮುಖ್ಯ ಅನ್ನಿಸಿದೆ. ಎರಡು ಮೂರು ನೀರಿನಲ್ಲಿ ತೊಳೆದು, ಹುಳಿಯ ಅಂಟು ಒಂದಿಷ್ಟೂ ಉಳಿಯದ ಹಾಗೆ ನೋಡಿ, ಹಳೇ ಕಾಟನ್ ಪಂಚೆಯಲ್ಲಿ ತಕ್ಷಣ ಒರೆಸಬೇಕು. ಮಳೆಗಾಲದಲ್ಲಿ ತಾನಾಗಿ ಒಣಗಲಿ ಅಂತ ಬಿಟ್ಟರೆ ಪ್ರತಿ ನೀರಿನ ಹನಿಯೂ ಒಂದು ಕಪ್ಪು ಚುಕ್ಕಿ. ನಾನು ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟು, ಒಂದೇ ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿ ಮೇಲಷ್ಟೇ ಆಡಿಸುತ್ತೇನೆ. ಹೀಗೆ ಮಾಡಿದರೆ ಆಗಸ್ಟಿನಲ್ಲೂ ಹತ್ತು ದಿನ ಹೊಳಪು ಇರುತ್ತದೆ.

ಅಜ್ಜಿಯ ಕೊಡಕ್ಕೆ ವರ್ಷಕ್ಕೆ ಎರಡೇ ಸಲ, ಗಣಪತಿಗೆ ಮತ್ತು ದೀಪಾವಳಿಗೆ. ಕಂಠದ ಹತ್ತಿರ ಬ್ರಷ್ ಕೂಡ ಇಲ್ಲ, ಬರೀ ಬೆರಳು. ಸವೆದ ಅಕ್ಷರ ವಾಪಸ್ ಬರಲಿಲ್ಲ. ಉಳಿದ ಚುಕ್ಕಿಗಳೆಲ್ಲ ಈಗಲೂ ಕೈಗೆ ಸಿಗುತ್ತವೆ.